ಶೈತ್ಯದಲ್ಲಿರಿಸಿದ ಭ್ರೂಣ: ಬೀಜಪರೀಕ್ಷೆಯ ಅರ್ಥ ಮತ್ತು ಮಿತಿ



ಕಳೆದ ವರ್ಷ ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಶ್ರೀಮಠದ ಭಕ್ತರ ಕುಟುಂಬವೊಂದು ನಮ್ಮ ಚಿಕಿತ್ಸಾಲಯಕ್ಕೆ ಬಂದಿತ್ತು. ಮದುವೆಯಾಗಿ 12 ವರ್ಷ ಕಳೆದರೂ ಮಕ್ಕಳಾಗದ ದಂಪತಿಗಳು, ಜೊತೆಯಲ್ಲಿ ಅತ್ತೆ. ಎರಡು ವರ್ಷಗಳ ಹಿಂದೆ, ಸೊಸೆಗೆ 36 ವಯಸ್ಸಾಗಿದ್ದಾಗ, ನಗರದ ಆಸ್ಪತ್ರೆಯೊಂದರಲ್ಲಿ ಪ್ರನಾಳ ಶಿಶು ಚಿಕಿತ್ಸೆ ಮಾಡಿಸಿ, ರೂಪುಗೊಂಡ ಎರಡು ಭ್ರೂಣಗಳನ್ನು ಶೈತ್ಯದಲ್ಲಿ ಇರಿಸಿದ್ದರು. ಮಾವನವರ ಕಾಯಿಲೆ, ಹಣದ ಅಡಚಣೆಗಳಿಂದಾಗಿ ಮುಂದಿನ ಹೆಜ್ಜೆ ನಿಂತುಹೋಗಿತ್ತು. ವರದಿಯಲ್ಲಿ ಒಂದು ಭ್ರೂಣದ ಮುಂದೆ ‘4 ಬಿಬಿ’ ಎಂದೂ ಇನ್ನೊಂದರ ಮುಂದೆ ‘3 ಬಿಸಿ’ ಎಂದೂ ಬರೆದಿತ್ತು. ಅತ್ತೆಯವರು ಆ ಕಾಗದವನ್ನು ನಮ್ಮ ಮುಂದಿಟ್ಟು ಕೇಳಿದರು: “ಸಾಹೇಬ್ರ, ಇದರಾಗ ಬಿ, ಸಿ ಅಂತ ಬರದಾರಲ್ರಿ. ಹುಟ್ಟೋ ಕೂಸು ಶಾಣ್ಯಾ ಆಗಂಗಿಲ್ಲೇನ್ರಿ? ಇವನ್ನ ಬಿಟ್ಟು ಹೊಸದಾಗಿ ಮಾಡಸೂಣೇನ್ರಿ?”

ಹೊಸದಾಗಿ ಮಾಡಿಸಲು ಎರಡೆಕರೆ ಎರಿ ಹೊಲವನ್ನು ಒತ್ತೆ ಇಡುವ ಮಾತು ಮನೆಯಲ್ಲಿ ನಡೆದಿತ್ತು. ಸೊಸೆ ಮಾತನಾಡಲಿಲ್ಲ, ತಲೆ ತಗ್ಗಿಸಿ ಕುಳಿತಿದ್ದಳು. ಆ ಅಕ್ಷರಗಳು ತನ್ನ ಮೇಲೆಯೇ ಒತ್ತಿದ ಮುದ್ರೆಗಳೆಂದು ಅವಳು ಭಾವಿಸಿದಂತಿತ್ತು.

ನಾವು ಆಯುರ್ವೇದ ವೈದ್ಯರು. ಪ್ರನಾಳ ಶಿಶು ಚಿಕಿತ್ಸೆ ನೀಡುವವರಲ್ಲ. ಆದರೂ ಇಂತಹ ವರದಿಗಳನ್ನು ಹಿಡಿದು ನಮ್ಮಲ್ಲಿಗೆ ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಅರ್ಥ ತಿಳಿಯದ ಒಂದು ಅಕ್ಷರದಿಂದ ಹೊಲ ಹೋಗಬಾರದು, ಒಬ್ಬ ಹೆಣ್ಣುಮಗಳ ಮನಸ್ಸು ಮುರಿಯಬಾರದು. ಆದುದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ನಾಲ್ಕು ಅಂಗಗಳು

ಗರ್ಭವು ನಿಲ್ಲಲು ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕು ಕೂಡಿಬರಬೇಕೆಂದು ಸುಶ್ರುತ ಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಬಿತ್ತುವ ಹದ, ನೆಲ, ನೀರು, ಬೀಜ ಇವು ಸರಿಯಿದ್ದರೆ ಮೊಳಕೆ ಬರುವಂತೆಯೇ ಗರ್ಭವೂ ಎಂಬುದು ಅದರ ತಾತ್ಪರ್ಯ. ಆಧುನಿಕ ವೈದ್ಯರು ಶೈತ್ಯದ ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸುವಾಗ ನೋಡುವುದೂ ಈ ನಾಲ್ಕನ್ನೇ. ಆದರೆ ವರದಿಯ ದರ್ಜೆಯು ಬೀಜದ ವಿಷಯವನ್ನು ಮಾತ್ರ ಹೇಳುತ್ತದೆ. ಅದೂ ಬೀಜದ ಹೊರರೂಪವನ್ನು ಮಾತ್ರ.

ನಮ್ಮ ರೈತರು ಬಿತ್ತುವ ಮೊದಲು ಜೋಳದ ಕಾಳನ್ನು ಅಂಗೈಯಲ್ಲಿ ಹಿಡಿದು ಹೊಳಪು, ತೂಕ, ಹುಳುಕುಗಳನ್ನು ನೋಡುತ್ತಾರೆ. ಸಂಶಯ ಬಂದರೆ ನೂರು ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸುತ್ತಾರೆ. ಭ್ರೂಣದ ವಿಷಯದಲ್ಲಿ ಮೊದಲ ಪರೀಕ್ಷೆ ಸಾಧ್ಯ, ಎರಡನೆಯದು ಅಸಾಧ್ಯ. ದಂಪತಿಗಳ ಪಾಲಿಗೆ ಇರುವುದು ಒಂದೋ ಎರಡೋ ಬೀಜ. ಅದು ಮೊಳೆಯುವುದೋ ಇಲ್ಲವೋ ಎಂಬುದು ಬಿತ್ತಿದ ಮೇಲೆಯೇ ತಿಳಿಯುವುದು. ಈ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಶೈತ್ಯದ ವಿದ್ಯೆ ಬೆಳೆದ ಬಗೆ

ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಜನಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಹೆಣ್ಣುಮಗುವೊಂದು ಹುಟ್ಟಿತು. ಅವರು ಭ್ರೂಣವನ್ನು 53 ದಿನ ಶೈತ್ಯದಲ್ಲಿಟ್ಟು, ಅನಂತರ ತಾಯಿಯ ಗರ್ಭಕೋಶಕ್ಕೆ ಸೇರಿಸಿದ್ದರು. ಅಂದಿನ ಸರ್ಕಾರಿ ಸಮಿತಿಯು ಅವರ ಮಾತನ್ನು ನಂಬಲಿಲ್ಲ. ಮನನೊಂದ ಅವರು 1981ರಲ್ಲಿ ತೀರಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಕೂಡಿ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದ ವಿಜ್ಞಾನಿ ಡಾ. ಟಿ. ಸಿ. ಆನಂದ್ ಕುಮಾರ್ ಅವರಿಗೆ ‘ಭಾರತದಲ್ಲಿ ಮೊದಲಿಗರು’ ಎಂಬ ಕೀರ್ತಿ ಸಂದಿತ್ತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ್ದ ಅವರು ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಪರಿಶೀಲಿಸಿ, ಆ ಕೀರ್ತಿ ಮುಖರ್ಜಿಯವರಿಗೇ ಸಲ್ಲತಕ್ಕದ್ದೆಂದು 1997ರಲ್ಲಿ ಬಹಿರಂಗವಾಗಿ ಸಾರಿದರು. ತನಗೆ ಬಂದ ಕೀರ್ತಿಯನ್ನು ಸತ್ಯಕ್ಕಾಗಿ ಬಿಟ್ಟುಕೊಟ್ಟ ಇಂತಹ ನಡೆ ಶರಣರ ನಾಡಿಗೆ ಭೂಷಣವಾದುದು.

ಹಿಂದೆ ಭ್ರೂಣವನ್ನು ನಿಧಾನವಾಗಿ ತಣಿಸುತ್ತಿದ್ದರು. ಆಗ ಜೀವಕೋಶಗಳೊಳಗಿನ ನೀರು ಮಂಜಿನ ಹರಳುಗಳಾಗಿ, ಆ ಹರಳುಗಳು ಕೋಶಗಳನ್ನು ಸೀಳುತ್ತಿದ್ದವು. ಈಗಿನ ವಿಧಾನದಲ್ಲಿ ಕೋಶಗಳೊಳಗಿನ ನೀರಿನ ಬಹುಭಾಗವನ್ನು ಹೊರತೆಗೆದು, ರಕ್ಷಕ ದ್ರಾವಣವನ್ನು ತುಂಬಿ, ಭ್ರೂಣವನ್ನು ಕ್ಷಣಮಾತ್ರದಲ್ಲಿ ದ್ರವ ಸಾರಜನಕದಲ್ಲಿ ಮುಳುಗಿಸುತ್ತಾರೆ. ಹರಳು ಕಟ್ಟಲು ಅವಕಾಶವಿಲ್ಲದೆ ಭ್ರೂಣವು ಗಾಜಿನಂತೆ ಗಟ್ಟಿಯಾಗುತ್ತದೆ. ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಆ ಚಳಿಯಲ್ಲಿ ಜೀವಕ್ರಿಯೆಗಳೆಲ್ಲ ನಿಂತಿರುತ್ತವೆ. ಒಳ್ಳೆಯ ಪ್ರಯೋಗಾಲಯಗಳಲ್ಲಿ ಹೀಗಿಟ್ಟ ಭ್ರೂಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮರಳಿ ಚೇತರಿಸಿಕೊಳ್ಳುತ್ತವೆ.

ಇದರಿಂದ ಮುಖ್ಯವಾದ ಒಂದು ಸಂಗತಿ ತಿಳಿಯುತ್ತದೆ. ಶೈತ್ಯದಲ್ಲಿರುವ ಭ್ರೂಣಕ್ಕೆ ವಯಸ್ಸಾಗುವುದಿಲ್ಲ. 36ರ ವಯಸ್ಸಿನಲ್ಲಿ ತೆಗೆದ ಅಂಡಾಣುವಿನಿಂದಾದ ಭ್ರೂಣವು, ತಾಯಿಗೆ 38 ಆದಾಗಲೂ 36ರ ಬೀಜವೇ ಆಗಿರುತ್ತದೆ.

ಅಂಕಿ ಮತ್ತು ಅಕ್ಷರಗಳ ಅರ್ಥ

ಅಂಡಾಣು ಮತ್ತು ವೀರ್ಯಾಣು ಕೂಡಿದ ಮೂರನೆಯ ದಿನ ಭ್ರೂಣದಲ್ಲಿ 6ರಿಂದ 8 ಜೀವಕೋಶಗಳಿರಬೇಕು. 8 ಇದ್ದರೆ ಉತ್ತಮ. ಅವು ಸಮಗಾತ್ರದಲ್ಲಿವೆಯೇ, ನಡುವೆ ಚೂರುಗಳು ಎಷ್ಟಿವೆ ಎಂದು ಭ್ರೂಣತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಐದನೆಯ ಅಥವಾ ಆರನೆಯ ದಿನಕ್ಕೆ ಅದು ನೂರರ ಆಸುಪಾಸಿನ ಕೋಶಗಳುಳ್ಳ, ಒಳಗೆ ದ್ರವ ತುಂಬಿದ ಪುಟ್ಟ ಗುಳ್ಳೆಯಂತಾಗುತ್ತದೆ. ಇದಕ್ಕೆ ಬ್ಲಾಸ್ಟೊಸಿಸ್ಟ್ ಎಂದು ಹೆಸರು. ಇದನ್ನು ಅಳೆಯಲು ಅಮೆರಿಕದ ಗಾರ್ಡ್ನರ್ ಮತ್ತು ಸ್ಕೂಲ್‌ಕ್ರಾಫ್ಟ್ ಎಂಬ ತಜ್ಞರು 1999ರಲ್ಲಿ ರೂಪಿಸಿದ ಪದ್ಧತಿಯೇ ಇಂದು ಹೆಚ್ಚು ಬಳಕೆಯಲ್ಲಿದೆ.

ಮೊದಲಿನ ಅಂಕಿ 1ರಿಂದ 6ರವರೆಗೆ ಇರುತ್ತದೆ. ಅದು ಗುಳ್ಳೆ ಎಷ್ಟು ಹಿಗ್ಗಿದೆ ಎಂಬುದರ ಸೂಚನೆ. 3 ಎಂದರೆ ದ್ರವ ತುಂಬಿದೆ; 4 ಎಂದರೆ ಹಿಗ್ಗಿ ಹೊರಕವಚ ತೆಳುವಾಗಿದೆ; 5 ಎಂದರೆ ಕವಚವನ್ನು ಬಿರಿದು ಹೊರಬರುತ್ತಿದೆ; 6 ಎಂದರೆ ಪೂರ್ಣ ಹೊರಬಂದಿದೆ. ಮೊದಲನೆಯ ಅಕ್ಷರವು ಮುಂದೆ ಶಿಶುವಾಗಿ ಬೆಳೆಯುವ ಒಳಗಿನ ಕೋಶಗಳ ಗುಂಪಿನದು. ಎರಡನೆಯ ಅಕ್ಷರವು ಮುಂದೆ ಮಾಸು, ಅಂದರೆ ಜರಾಯು ಆಗುವ ಹೊರಪದರದ್ದು. ಕೋಶಗಳು ಹೆಚ್ಚಾಗಿ, ಒತ್ತಾಗಿ ಇದ್ದರೆ ಎ, ಸ್ವಲ್ಪ ಸಡಿಲವಾಗಿದ್ದರೆ ಬಿ, ವಿರಳವಾಗಿದ್ದರೆ ಸಿ.

ಇಷ್ಟೇ ಅದರ ಅರ್ಥ. ದರ್ಜೆಯು ಭ್ರೂಣವು ಗರ್ಭಕೋಶದಲ್ಲಿ ನೆಲೆಯೂರುವ ಸಾಧ್ಯತೆಯನ್ನು ಅಂದಾಜಿಸುತ್ತದೆ. ಹುಟ್ಟುವ ಮಗುವಿನ ಬುದ್ಧಿಯನ್ನಾಗಲಿ, ರೂಪವನ್ನಾಗಲಿ, ಗುಣವನ್ನಾಗಲಿ ಹೇಳುವುದಿಲ್ಲ. ಎರಡು ಎ ಪಡೆದ ಭ್ರೂಣಕ್ಕೆ ನೆಲೆಯೂರುವ ಸಾಧ್ಯತೆ ಹೆಚ್ಚು, ಸಿ ಪಡೆದದ್ದಕ್ಕೆ ಕಡಿಮೆ, ಇದು ನಿಜ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಒಂದೇ ಭ್ರೂಣವನ್ನು ನೋಡಿದ ಇಬ್ಬರು ತಜ್ಞರು ಬೇರೆ ಬೇರೆ ದರ್ಜೆ ಕೊಡುವುದೂ ಉಂಟು. ಹಲವು ಭ್ರೂಣಗಳಿದ್ದಾಗ ಯಾವುದನ್ನು ಮೊದಲು ಇರಿಸಬೇಕೆಂದು ತೀರ್ಮಾನಿಸುವುದೇ ದರ್ಜೆಯ ಮುಖ್ಯ ಉಪಯೋಗ.

ಕರಗಿಸಿದ ದಿನದ ಪರೀಕ್ಷೆ

ಶೈತ್ಯಕ್ಕೆ ಸೇರಿಸುವ ಮುನ್ನ ಕೊಟ್ಟ ದರ್ಜೆಯಷ್ಟೇ ಮುಖ್ಯವಾದ ಇನ್ನೊಂದು ಪರೀಕ್ಷೆ ಹೊರತೆಗೆದ ದಿನ ನಡೆಯುತ್ತದೆ. ಕರಗಿಸಿದಾಗ ಭ್ರೂಣವು ಮುದುಡಿಕೊಂಡಿರುತ್ತದೆ. ಕೆಲವು ಗಂಟೆಗಳೊಳಗೆ ಅದು ಮತ್ತೆ ದ್ರವ ತುಂಬಿಕೊಂಡು ಹಿಗ್ಗಿದರೆ ಶುಭಸೂಚನೆ. ಎಷ್ಟು ಕೋಶಗಳು ಬದುಕಿವೆ, ಎಷ್ಟು ಬೇಗ ಹಿಗ್ಗಿತು ಎಂಬುದನ್ನು ಭ್ರೂಣತಜ್ಞರು ದಾಖಲಿಸುತ್ತಾರೆ. ಅಪರೂಪಕ್ಕೆ ಭ್ರೂಣವು ಚೇತರಿಸಿಕೊಳ್ಳದೆಯೂ ಹೋಗಬಹುದು. ಅಂದು ಪ್ರಕ್ರಿಯೆ ರದ್ದಾಗುವ ಸಂಭವವಿದೆಯೆಂದು ದಂಪತಿಗಳು ಮನೆ ಬಿಡುವ ಮುನ್ನವೇ ತಿಳಿದಿರುವುದು ಒಳಿತು. ಊರಿಗೆಲ್ಲ ಸುದ್ದಿ ಹೇಳಿ ಹೊರಟವರು ಬರಿಗೈಯಲ್ಲಿ ಮರಳುವ ಸಂಕಟವನ್ನು ನಾವು ಕಂಡಿದ್ದೇವೆ.

ಕಣ್ಣಿಗೆ ಕಾಣದ ಬೀಜದೋಷ

ಚರಕಾಚಾರ್ಯರು ಬೀಜ, ಬೀಜಭಾಗ, ಬೀಜಭಾಗಾವಯವ ಎಂದು ಮೂರು ಹಂತಗಳಲ್ಲಿ ಬೀಜದೋಷವನ್ನು ವಿವರಿಸಿದ್ದಾರೆ. ಬೀಜದ ಯಾವ ಅಂಶ ಕೆಡುವುದೋ ಗರ್ಭದಲ್ಲಿ ಅದಕ್ಕೆ ತಕ್ಕ ವಿಕೃತಿ ಉಂಟಾಗುವುದೆಂಬುದು ಅವರ ಮತ. ಇಂದಿನ ವಿಜ್ಞಾನವು ಬೀಜದೊಳಗಿನ ವರ್ಣತಂತುಗಳನ್ನು ತೋರಿಸಿಕೊಟ್ಟಿದೆ. ನೋಡಲು ಸುಂದರವಾದ ಭ್ರೂಣದಲ್ಲಿಯೂ ವರ್ಣತಂತುಗಳ ಸಂಖ್ಯೆ ತಪ್ಪಿರಬಹುದು. ಅಂತಹ ಭ್ರೂಣ ಬಹುತೇಕ ನೆಲೆಯೂರುವುದಿಲ್ಲ, ಇಲ್ಲವೆ ಕೆಲವು ವಾರಗಳಲ್ಲಿ ಗರ್ಭಪಾತವಾಗುತ್ತದೆ. ಈ ದೋಷಕ್ಕೆ ದೊಡ್ಡ ಕಾರಣ ಅಂಡಾಣುವಿನ ವಯಸ್ಸು. ಸ್ತ್ರೀಗೆ 30ರ ಆಸುಪಾಸಿನಲ್ಲಿದ್ದಾಗ ಮೂರರಲ್ಲಿ ಸುಮಾರು ಒಂದು ಭ್ರೂಣದಲ್ಲಿ ಈ ದೋಷವಿದ್ದರೆ, 40 ದಾಟಿದ ಮೇಲೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇರುತ್ತದೆ.

ಹೊರಪದರದಿಂದ 5ರಿಂದ 10 ಕೋಶಗಳನ್ನು ತೆಗೆದು ವರ್ಣತಂತುಗಳನ್ನು ಪರೀಕ್ಷಿಸುವ ವಿಧಾನ ಬಂದಿದೆ. ಮನೆತನದಲ್ಲಿ ಆನುವಂಶಿಕ ರೋಗವಿದ್ದಾಗ ಇಂತಹ ಪರೀಕ್ಷೆ ಬಹಳ ಉಪಯುಕ್ತ. ಎಲ್ಲರಿಗೂ ಬೇಕೆಂಬುದು ಮಾತ್ರ ಸಿದ್ಧವಾಗಿಲ್ಲ. 25ರಿಂದ 40 ವಯಸ್ಸಿನ ಸ್ತ್ರೀಯರ ಮೇಲೆ ಹಲವು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪರೀಕ್ಷೆಯಿಂದ ಒಟ್ಟಾರೆ ಗರ್ಭ ನಿಲ್ಲುವ ಪ್ರಮಾಣ ಹೆಚ್ಚಲಿಲ್ಲ. ಭ್ರೂಣದ ಬೆಳವಣಿಗೆಯನ್ನು ಕ್ಯಾಮೆರಾದಿಂದ ನಿರಂತರ ಚಿತ್ರೀಕರಿಸುವ ಯಂತ್ರಗಳ ಕುರಿತು ಬ್ರಿಟನ್ ಮತ್ತು ಹಾಂಗ್‌ಕಾಂಗ್‌ನ 7 ಕೇಂದ್ರಗಳಲ್ಲಿ ನಡೆದ ಅಧ್ಯಯನವೂ 2024ರಲ್ಲಿ ಇಂತಹುದೇ ಫಲಿತಾಂಶವನ್ನು ನೀಡಿತು. ಪರೀಕ್ಷೆಯು ಇರುವ ಭ್ರೂಣಗಳಲ್ಲಿ ಆರಿಸಿಕೊಡಬಲ್ಲದು, ಭ್ರೂಣವನ್ನು ಉತ್ತಮಪಡಿಸಲಾರದು. ಹೆಚ್ಚುವರಿ ಹಣ ಕೇಳಿದಾಗ ‘ಇದು ನಮಗೇಕೆ ಬೇಕು?’ ಎಂದು ವಿನಯದಿಂದ ಕೇಳಿ ತಿಳಿಯಬೇಕು. ಗಂಡೋ ಹೆಣ್ಣೋ ಎಂದು ತಿಳಿಯುವ ಆಸೆ ಮಾತ್ರ ಬೇಡ. ಅದು ಕಾನೂನಿಗೂ ಶರಣಧರ್ಮಕ್ಕೂ ವಿರುದ್ಧ.

ಕ್ಷೇತ್ರ, ಋತು, ಅಂಬು

ಬೀಜದ ಮೇಲೆ ಇಷ್ಟು ಗಮನ ಕೊಡುವವರು ನೆಲವನ್ನು ಮರೆಯುವುದುಂಟು. ಗರ್ಭಕೋಶದೊಳಗೆ ಉಬ್ಬಿದ ಗಡ್ಡೆ, ದುರ್ಮಾಂಸ, ದ್ರವ ತುಂಬಿ ಊದಿದ ಗರ್ಭನಾಳ, ನಮ್ಮ ದೇಶದಲ್ಲಿ ವಿರಳವಲ್ಲದ ಗರ್ಭಕೋಶದ ಕ್ಷಯ, ಇವು ಉತ್ತಮ ಬೀಜವನ್ನೂ ವ್ಯರ್ಥಗೊಳಿಸುತ್ತವೆ. ಒಳಪದರವು ಸಾಮಾನ್ಯವಾಗಿ 7 ಮಿಲಿಮೀಟರಿಗಿಂತ ಹೆಚ್ಚು ದಪ್ಪವಿರಬೇಕೆಂದು ವೈದ್ಯರು ಬಯಸುತ್ತಾರೆ. ಥೈರಾಯ್ಡ್ ಮತ್ತು ಸಕ್ಕರೆ ಹತೋಟಿಯಲ್ಲಿರಬೇಕು.

ಋತುವೆಂದರೆ ಸರಿಯಾದ ಸಮಯ. ಒಳಪದರವು ಭ್ರೂಣವನ್ನು ಸ್ವೀಕರಿಸುವುದು ಕೆಲವೇ ದಿನ. ಪ್ರೊಜೆಸ್ಟರಾನ್ ಔಷಧಿ ಆರಂಭಿಸಿ 5 ದಿನ ತುಂಬಿದ ಮೇಲೆ ಐದು ದಿನದ ಭ್ರೂಣವನ್ನು ಇರಿಸುವುದು ರೂಢಿ. ಒಂದು ಮಾತ್ರೆ, ಒಂದು ಚುಚ್ಚುಮದ್ದು ತಪ್ಪಿದರೂ ಈ ಲೆಕ್ಕ ತಪ್ಪುತ್ತದೆ. ಜಾತ್ರೆ, ಮದುವೆಗಳ ಗದ್ದಲದಲ್ಲಿ ಔಷಧಿ ಮರೆಯಬಾರದು.

ಅಂಬುವೆಂದರೆ ಪೋಷಣೆ. ನಮ್ಮ ಭಕ್ತರಲ್ಲಿ ಬಹುಪಾಲು ಶಾಕಾಹಾರಿಗಳು. ಬಿ12 ಜೀವಸತ್ವ ಮತ್ತು ಕಬ್ಬಿಣಾಂಶದ ಕೊರತೆ ಶಾಕಾಹಾರಿಗಳಲ್ಲಿ ಸಾಮಾನ್ಯವಾದುದರಿಂದ ಮೊದಲೇ ರಕ್ತಪರೀಕ್ಷೆ ಮಾಡಿಸಬೇಕು. ಹಾಲು, ಮೊಸರು, ಮಜ್ಜಿಗೆ, ಕಾಳು, ಸೊಪ್ಪು, ಜೋಳದ ರೊಟ್ಟಿ ನಿತ್ಯವಿರಲಿ. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲವನ್ನು ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ವೈದ್ಯರ ಸಲಹೆಯಂತೆ ಆರಂಭಿಸಬೇಕು.

ನಮ್ಮ ವೈದ್ಯಪದ್ಧತಿಯ ಬಗ್ಗೆ ಪ್ರಾಮಾಣಿಕ ಮಾತು

ಶೈತ್ಯದಲ್ಲಿರುವ ಭ್ರೂಣದ ಬೀಜಗುಣ ಈಗಾಗಲೇ ನಿಶ್ಚಯವಾಗಿದೆ. ಫಲಘೃತವಾಗಲಿ, ಯಾವ ಲೇಹ್ಯ, ಭಸ್ಮಗಳಾಗಲಿ ಅದರ ದರ್ಜೆಯನ್ನು ಬದಲಿಸಲಾರವು. ಬದಲಿಸುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಹೇಳುವವರು ನಮ್ಮ ಬಳಗದವರೇ ಆಗಿದ್ದರೂ ನಂಬಬೇಡಿರಿ. ಭ್ರೂಣ ಇರಿಸುವ ತಿಂಗಳಲ್ಲಿ ವಮನ, ವಿರೇಚನಾದಿ ಪಂಚಕರ್ಮಗಳು ಬೇಡ. ಪಾದರಸ, ಸೀಸಗಳುಳ್ಳ ರಸೌಷಧಿಗಳು ಖಂಡಿತ ಬೇಡ. ಸೇವಿಸುವ ಪ್ರತಿ ಔಷಧಿಯನ್ನೂ, ಕಷಾಯವನ್ನೂ ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸಬೇಕು. ‘ಮೊದಲು ಎರಡು ವರ್ಷ ನಾಟಿ ಔಷಧಿ, ಆಮೇಲೆ ನೋಡೋಣ’ ಎಂದು ಕಾಲ ಕಳೆಯುವುದರಿಂದ, ಅಂಡಾಣು ಇನ್ನೂ ತೆಗೆಯದಿರುವ ಸ್ತ್ರೀಯರಿಗೆ ಮರಳಿ ಬಾರದ ನಷ್ಟವಾಗುತ್ತದೆ.

ಹಾಗಾದರೆ ನಾವು ಮಾಡಬಲ್ಲದ್ದೇನು? ಕ್ಷೇತ್ರ ಮತ್ತು ಅಂಬುಗಳ ಸಿದ್ಧತೆ. ಹಿತಮಿತವಾದ ಆಹಾರ, ಹೊತ್ತಿಗೆ ಸರಿಯಾದ ನಿದ್ರೆ, ಲಘು ವ್ಯಾಯಾಮ, ತೂಕದ ಹತೋಟಿ; ಪತಿಯೂ ಸೇರಿದಂತೆ ಮನೆಯಲ್ಲಿ ತಂಬಾಕು, ಗುಟ್ಕಾ, ಮದ್ಯಗಳ ತ್ಯಾಗ. ಎಲ್ಲಕ್ಕೂ ಮಿಗಿಲಾಗಿ ಸೌಮನಸ್ಯ. ಗರ್ಭಧಾರಣೆಗೆ ನೆರವಾಗುವವುಗಳಲ್ಲಿ ಮನಸ್ಸಿನ ಪ್ರಸನ್ನತೆಗೆ ಚರಕಾಚಾರ್ಯರು ಅಗ್ರಸ್ಥಾನ ನೀಡಿದ್ದಾರೆ. ಇಷ್ಟಲಿಂಗ ಪೂಜೆಯಲ್ಲಿ ಕುಳಿತ ಅರ್ಧ ಗಂಟೆ ಆ ಪ್ರಸನ್ನತೆಗೆ ಸಾಧನ. ಆದರೆ ಚಿಂತೆ ಮಾಡಿದ್ದರಿಂದಲೇ ಗರ್ಭ ನಿಲ್ಲಲಿಲ್ಲವೆಂದು ಯಾರೂ ಹೆಣ್ಣುಮಗಳನ್ನು ದೂರಬಾರದು.

ಭ್ರೂಣ ಇರಿಸಿದ ಮೇಲೆ ಹಾಸಿಗೆ ಹಿಡಿದು ಮಲಗುವುದರಿಂದ ಲಾಭವಿಲ್ಲ. ನಡೆದರೆ, ಕೆಮ್ಮಿದರೆ, ಮೂತ್ರಕ್ಕೆ ಕುಳಿತರೆ ಭ್ರೂಣ ಜಾರಿ ಬೀಳುವುದಿಲ್ಲ. ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಭಾರ ಎತ್ತದೆ ದಿನನಿತ್ಯದ ಕಾಯಕದಲ್ಲಿ ತೊಡಗಬಹುದು. ಸ್ವಲ್ಪ ರಕ್ತ ಕಂಡಿತೆಂದು ಔಷಧಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. 10ರಿಂದ 14 ದಿನಗಳ ನಂತರ ಮಾಡುವ ರಕ್ತಪರೀಕ್ಷೆಯೇ ಪ್ರಮಾಣ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ಭ್ರೂಣಗಳು ಎಷ್ಟಿವೆ? ಎಷ್ಟನೆಯ ದಿನದವು? ದರ್ಜೆಯೇನು?
2. ಅಂಡಾಣು ತೆಗೆದಾಗ ವಯಸ್ಸು ಎಷ್ಟಿತ್ತು?
3. ನಿಮ್ಮ ಪ್ರಯೋಗಾಲಯದಲ್ಲಿ ಕರಗಿಸಿದ ನಂತರ ನೂರಕ್ಕೆ ಎಷ್ಟು ಭ್ರೂಣಗಳು ಉಳಿಯುತ್ತವೆ?
4. ನಮ್ಮ ವಯಸ್ಸಿನವರಲ್ಲಿ ಮಗು ಹುಟ್ಟುವ ಪ್ರಮಾಣವೆಷ್ಟು? (ಗರ್ಭ ನಿಂತ ಪ್ರಮಾಣ ಬೇರೆ, ಮಗು ಮನೆಗೆ ಬಂದ ಪ್ರಮಾಣ ಬೇರೆ.)
5. ಒಮ್ಮೆಗೆ ಒಂದೇ ಭ್ರೂಣ ಇರಿಸಬಹುದೇ? (ಅವಳಿಗಳಾದರೆ ಅವಧಿಗೆ ಮುನ್ನ ಹೆರಿಗೆ ಮುಂತಾದ ಅಪಾಯ ಹೆಚ್ಚು.)
6. ಗರ್ಭಕೋಶದ ಒಳಭಾಗದ ಪರೀಕ್ಷೆ ಆಗಿದೆಯೇ?
7. ಉಳಿದ ಭ್ರೂಣಗಳ ಗತಿಯೇನು? ವಾರ್ಷಿಕ ಶುಲ್ಕವೆಷ್ಟು?

ಕೊನೆಯ ಪ್ರಶ್ನೆಯನ್ನು ಅನೇಕರು ಕೇಳುವುದೇ ಇಲ್ಲ. 2021ರ ಕಾಯ್ದೆಯಂತೆ ನಮ್ಮ ದೇಶದಲ್ಲಿ ಭ್ರೂಣಗಳನ್ನು ಗರಿಷ್ಠ 10 ವರ್ಷ ಇರಿಸಬಹುದು. ದಂಪತಿಗಳ ಲಿಖಿತ ಒಪ್ಪಿಗೆ ಅಗತ್ಯ. ‘ಉಳಿದವನ್ನು ಬಿಟ್ಟರೆ ಪಾಪವೇ?’ ಎಂದು ಭಕ್ತರು ನಮ್ಮನ್ನು ಕೇಳುತ್ತಾರೆ. ಆ ಪ್ರಶ್ನೆ ಸಹಜವಾದುದು. ಅದನ್ನು ಪತಿಪತ್ನಿಯರು ಕುಳಿತು, ಬೇಕಾದರೆ ಗುರುಗಳ ಮುಂದೆ ಮನಬಿಚ್ಚಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಯೋಚಿಸಬೇಕು. ಬೇಕಾದಷ್ಟೇ ಭ್ರೂಣಗಳನ್ನು ರೂಪಿಸಿರೆಂದು ವೈದ್ಯರನ್ನು ಕೇಳಿಕೊಳ್ಳುವ ಅವಕಾಶವೂ ಇದೆ.

ಎರಡು ಮನೆಗಳು

ಆರಂಭದಲ್ಲಿ ಹೇಳಿದ ಕುಟುಂಬಕ್ಕೆ ನಾವು ಹೇಳಿದ್ದಿಷ್ಟು: “ಹೊಲ ಒತ್ತೆ ಇಡಬೇಡಿ. ಹೊಸದಾಗಿ ತೆಗೆಯುವ ಅಂಡಾಣುವಿಗೆ 38 ವಯಸ್ಸು, ಶೈತ್ಯದಲ್ಲಿರುವುದಕ್ಕೆ 36. ಇದ್ದ ಬೀಜವನ್ನು ಮೊದಲು ಬಿತ್ತಿರಿ. ಅದಕ್ಕೂ ಮುನ್ನ ನೆಲ ನೋಡಿಸಿರಿ.” ಪರೀಕ್ಷೆಯಲ್ಲಿ ಥೈರಾಯ್ಡ್ ದೋಷ ಕಂಡುಬಂದು ಚಿಕಿತ್ಸೆಯಾಯಿತು. ‘4 ಬಿಬಿ’ ಭ್ರೂಣ ನೆಲೆಯೂರಲಿಲ್ಲ. ಕೆಲವು ತಿಂಗಳ ನಂತರ ಇರಿಸಿದ ‘3 ಬಿಸಿ’ ನೆಲೆಯೂರಿತು. ಈಗ ಆ ಹೆಣ್ಣುಮಗಳಿಗೆ ಏಳು ತಿಂಗಳು. ಕಳೆದ ವಾರ ಕುಬಸ ಮಾಡಿದರು.

ಇನ್ನೊಂದು ಮನೆಯ ಮಾತನ್ನೂ ಹೇಳಲೇಬೇಕು. ಶಿಕ್ಷಕ ದಂಪತಿಗಳು, ಎರಡು ಭ್ರೂಣಗಳಿಗೂ ‘4 ಎಎ’. ಎರಡೂ ನೆಲೆಯೂರಲಿಲ್ಲ, ಕಾರಣ ಯಾರಿಗೂ ತಿಳಿಯಲಿಲ್ಲ. ಆ ತಾಯಿಗೆ ದುಃಖ ತಂದುದು ವರದಿಗಿಂತಲೂ, ಓಣಿಯ ಮದುವೆಯೊಂದರಲ್ಲಿ ಉಡಿ ತುಂಬುವಾಗ ತನ್ನನ್ನು ಬಿಟ್ಟು ಮುಂದಿನವರಿಗೆ ತುಂಬಿದ್ದು. ಇವೆರಡು ಉದಾಹರಣೆಗಳಿಂದ ಸಿ ದರ್ಜೆಯೇ ಮೇಲೆಂದು ತಿಳಿಯಬಾರದು. ಬಹುಸಂಖ್ಯೆಯಲ್ಲಿ ನೋಡಿದಾಗ ಮೇಲಿನ ದರ್ಜೆಗೇ ಹೆಚ್ಚು ಫಲ. ಒಂದು ಮನೆಯ ಮಟ್ಟಿಗೆ ಮಾತ್ರ ಅದು ಭರವಸೆಯೂ ಅಲ್ಲ, ಶಾಪವೂ ಅಲ್ಲ.

ಆ ಶಿಕ್ಷಕ ದಂಪತಿಗಳು ಈಗ ಕಾನೂನುಬದ್ಧ ದತ್ತು ಸ್ವೀಕಾರಕ್ಕೆ ಹೆಸರು ನೋಂದಾಯಿಸಿ ಕಾಯುತ್ತಿದ್ದಾರೆ. ಹೆಣ್ಣನ್ನು ಸಮಾನಳೆಂದು ಕಂಡ ಶರಣರ ಅನುಯಾಯಿಗಳು ನಾವು. ಬೀಜವನ್ನು ಪರೀಕ್ಷಿಸುವ ಕಾಯಕ ತಜ್ಞರದು. ಫಲ ಬಂದರೂ ಬಾರದಿದ್ದರೂ ಆ ಹೆಣ್ಣುಮಗಳ ಉಡಿಯನ್ನು ಎಲ್ಲರಿಗಿಂತ ಮೊದಲು ತುಂಬುವ ಕೆಲಸ ನಮ್ಮ ನಿಮ್ಮ ಮನೆಯ ಹಿರಿಯ ತಾಯಂದಿರದು. ಬರುವ ಶ್ರಾವಣದಿಂದಲೇ ಅದು ಆರಂಭವಾಗಲಿ ಎಂದು ಆಶಿಸುತ್ತೇವೆ.